ಕೆರೆಗೆ ಬಿಟ್ಟ ಟ್ರೌಟ್‌ಗೆ ಫ್ಲೈ ಗಾಳ: ಉಡುಪಿ, ಮಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗನ ಮನೆಗೆಂದು ಇಂಗ್ಲೆಂಡಿಗೋ ನ್ಯೂಜಿಲೆಂಡಿಗೋ ಹೊರಟವರು, ರಜೆಯಲ್ಲಿ ಮುನ್ನಾರ್ ಕಡೆ ಹೋಗುವವರು, ಕೋಡಿ ಬೆಂಗ್ರೆಯಲ್ಲಿ ವರ್ಷಗಟ್ಟಲೆ ಗಾಳ ಹಾಕಿ ಈಗ ಹೊಸದೇನಾದರೂ ಕಲಿಯೋಣ ಅನ್ನುವವರು. ಇವರೆಲ್ಲ ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನಾನು ಉಡುಪಿಯವನು. ಹದಿನೈದು ವರ್ಷದಿಂದ ಫ್ಲೈ ರಾಡು, ಅಂದರೆ ಗರಿ ಸುತ್ತಿದ ಹುಳದಂಥ ಗಾಳ ಬೀಸುವ ಕೋಲು, ಹಿಡಿದಿದ್ದೇನೆ. ಅದರಲ್ಲಿ ನೀರಿನ ಹತ್ತಿರ ಕಳೆದದ್ದಕ್ಕಿಂತ ಹುಲ್ಲಿನ ಮೇಲೆ ನಿಂತು ಬೀಸಿದ ದಿನಗಳೇ ಜಾಸ್ತಿ. ಅದರಿಂದ ನನಗೆ ಒಳ್ಳೆಯದೇ ಆಯಿತು. ಯಾಕೆ ಅಂತ ಕೆಳಗೆ ಹೇಳಿದ್ದೇನೆ.

ಟ್ರೌಟ್ ಅಂದರೆ ಎಂತ ಮೀನು? ನಮ್ಮ ಹೊಳೆಯಲ್ಲಿ ಯಾಕೆ ಇಲ್ಲ?

ತಣ್ಣೀರಿನ ಮೀನು. ಕೆರೆಗಳಿಗೆ ಹೆಚ್ಚಾಗಿ ಬಿಡುವುದು ರೇನ್‌ಬೋ ಟ್ರೌಟ್. ಮೈಯ ಪಕ್ಕದಲ್ಲಿ ಉದ್ದಕ್ಕೂ ಗುಲಾಬಿ ಪಟ್ಟೆ, ಬೆನ್ನು ಮತ್ತು ಬಾಲದ ಮೇಲೆ ಕಪ್ಪು ಚುಕ್ಕೆ. ಇದರ ಮೂಲ ಉತ್ತರ ಅಮೆರಿಕದ ಪಶ್ಚಿಮ ಕರಾವಳಿ. ಬ್ರೌನ್ ಟ್ರೌಟ್ ಯುರೋಪಿನದು.

ನೀರು 10ರಿಂದ 16 ಡಿಗ್ರಿ ಇದ್ದರೆ ರೇನ್‌ಬೋ ಚೆನ್ನಾಗಿ ತಿಂದು ಬೆಳೆಯುತ್ತದೆ. 20 ದಾಟಿದರೆ ಅದಕ್ಕೆ ಸುಸ್ತು. 25ರ ಹತ್ತಿರ ಬಂದರೆ ಬದುಕುವುದೇ ಕಷ್ಟ. ನಮ್ಮ ಸ್ವರ್ಣಾ, ಸೀತಾ, ನೇತ್ರಾವತಿಯ ಕೆಳಭಾಗದ ನೀರು ಬೇಸಿಗೆಯಲ್ಲಿ ಮುಟ್ಟಿದರೇ ಬೆಚ್ಚಗಿರುತ್ತದೆ. ಇನ್ನೊಂದು ಕಾರಣವೂ ಉಂಟು. 10 ಡಿಗ್ರಿ ನೀರು ಒಂದು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿ ನೀರು ಸುಮಾರು ಏಳೂವರೆ ಮಾತ್ರ. ಟ್ರೌಟ್‌ಗೆ ಅಷ್ಟು ಉಸಿರು ಸಾಲುವುದಿಲ್ಲ.

ಹಾಗಾದರೆ ಭಾರತಕ್ಕೆ ಹೇಗೆ ಬಂತು?

ಬ್ರಿಟಿಷರು ತಂದದ್ದು. ಮೊಟ್ಟೆಗಳನ್ನು ಹಡಗಿನಲ್ಲಿ ಐಸ್ ಇಟ್ಟು ತಂದರು. ಕಾಶ್ಮೀರದಲ್ಲಿ 1900ರ ಹೊತ್ತಿಗೆ ಬ್ರೌನ್ ಟ್ರೌಟ್ ನೆಲೆಯಾಯಿತು. ನೀಲಗಿರಿಯಲ್ಲಿ 1860ರ ದಶಕದಿಂದಲೇ ಪ್ರಯತ್ನ ನಡೆದು ಕೈಕೊಟ್ಟಿತ್ತು. ಕೊನೆಗೆ ಎಚ್. ಸಿ. ವಿಲ್ಸನ್ ಎಂಬವರು 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಶುರು ಮಾಡಿದರು.

ಕೆರೆಗೆ "ಬಿಟ್ಟ" ಮೀನು ಅಂದರೆ ಏನು? ಅದು ಅಲ್ಲೇ ಮರಿ ಮಾಡುವುದಿಲ್ವಾ?

ಸಾಮಾನ್ಯವಾಗಿ ಇಲ್ಲ. ಟ್ರೌಟ್ ಮೊಟ್ಟೆ ಇಡುವುದು ಹರಿಯುವ ನೀರಿನ ತಳದ ಜಲ್ಲಿಕಲ್ಲಿನಲ್ಲಿ. ಕಲ್ಲಿನ ಸಂದಿಯಲ್ಲಿ ನೀರು ಓಡುತ್ತಿದ್ದರೆ ಮಾತ್ರ ಮೊಟ್ಟೆಗೆ ಉಸಿರು. ನಿಂತ ಕೆರೆಯ ಕೆಸರಿನಲ್ಲಿ ಅದು ಆಗುವುದಿಲ್ಲ. ಹಾಗಾಗಿ ಸಾಕಣೆ ಕೇಂದ್ರದಲ್ಲಿ ಬೆಳೆಸಿ, ಅರ್ಧ ಕಿಲೋ, ಒಂದು ಕಿಲೋ ಆದ ಮೇಲೆ ತಂದು ಬಿಡುತ್ತಾರೆ. ಹಿಡಿದು ಖಾಲಿಯಾದಷ್ಟು ಮತ್ತೆ ಬಿಡುತ್ತಾರೆ.

ಹೊಸಬರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಇದು ಕೈಯಿಂದ ಬಿದ್ದ ಕಾಳು ತಿಂದು ಬೆಳೆದ ಮೀನು. ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ಹೋಗಿದ್ದೀರಾ? ಅಲ್ಲಿ ದೇವಸ್ಥಾನದ ಮುಂದೆ ಕಪಿಲಾ ಹೊಳೆಯಲ್ಲಿ ದೇವರ ಮೀನುಗಳು. ಒಂದು ಮುಷ್ಟಿ ಹೊದ್ಲು ಎಸೆಯಿರಿ. ಮೊದಲು ನೀರಿನ ಕೆಳಗೆ ಕಪ್ಪು ನೆರಳು ತಿರುಗುತ್ತದೆ, ಮತ್ತೆ ಎಲ್ಲ ಒಟ್ಟಿಗೆ ಮೇಲೆ ಬಂದು ಬಾಯಿ ತೆರೆಯುತ್ತವೆ. ಕೆಲವು ಹಿಂದೆಯೇ ಉಳಿದು, ಮುಳುಗುವ ಹೊದ್ಲಿಗೆ ಕಾಯುತ್ತವೆ. ಅವುಗಳಿಗೆ ಗಾಳ ಹಾಕುವ ಮಾತೇ ಇಲ್ಲ. ಸುಮ್ನೆ ಕೂತು ಅರ್ಧ ಗಂಟೆ ನೋಡಿ. ಕೆರೆಗೆ ಬಿಟ್ಟ ಟ್ರೌಟ್ ಮೊದಲ ಕೆಲವು ದಿನ ಇದೇ ಥರ ಗುಂಪಾಗಿ, ಎದುರಿಗೆ ಬಿದ್ದದ್ದಕ್ಕೆ ಬಾಯಿ ಹಾಕುತ್ತದೆ. ಮತ್ತೆ ನಿಧಾನಕ್ಕೆ ಗುಂಪು ಒಡೆದು, ಕೆರೆಯ ಹುಳಹುಪ್ಪಟೆ ತಿನ್ನಲು ಕಲಿಯುತ್ತದೆ. ಆಗ ಅದನ್ನು ಹಿಡಿಯುವ ರೀತಿಯೂ ಬದಲಾಗಬೇಕು.

ಫ್ಲೈ ಗಾಳಕ್ಕೂ ನಮ್ಮ ಮಾಮೂಲಿ ಗಾಳಕ್ಕೂ ವ್ಯತ್ಯಾಸ ಏನು?

ನಮ್ಮ ಗಾಳದಲ್ಲಿ ತುದಿಯಲ್ಲಿರುವ ಸೀಸದ ತೂಕ ಹಗ್ಗವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಯಲ್ಲಿ ತದ್ವಿರುದ್ಧ. ಫ್ಲೈ ಅಂದರೆ ಗಾಳಕ್ಕೆ ಗರಿ, ದಾರ ಸುತ್ತಿ ಮಾಡಿದ ಹುಳದ ಆಕಾರ, ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ಲೈನಿನಲ್ಲಿ. ಆ ದಪ್ಪ ಲೈನು ಗಾಳಿಯಲ್ಲಿ ಹಾರಿ ಫ್ಲೈಯನ್ನು ಕರೆದುಕೊಂಡು ಹೋಗುತ್ತದೆ. ಲೈನಿನ ನಂಬರು ಏರಿದಷ್ಟು ಅದು ಭಾರ. 6ನೇ ನಂಬರ್ ಲೈನಿನ ಮೊದಲ 30 ಅಡಿಯ ತೂಕ ಸುಮಾರು 10 ಗ್ರಾಂ.

ಬೀಸುಬಲೆ ಎಸೆದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಅಲ್ಲಿಯೂ ತೋಳಿನ ಬಲದಿಂದ ಬಲೆ ಅರಳುವುದಿಲ್ಲ, ಅಲ್ವಾ? ತೂಕವನ್ನು ಸರಿಯಾದ ಹೊತ್ತಿಗೆ ಬಿಟ್ಟರೆ ಅದೇ ಅರಳುತ್ತದೆ.

ಮೊದಲಿಗೆ ಏನೆಲ್ಲ ತಗೋಬೇಕು?

ಒಂಬತ್ತು ಅಡಿಯ, 6ನೇ ನಂಬರಿನ ರಾಡು. ನಾಲ್ಕು ತುಂಡಾಗುವಂಥದ್ದು ತಗೊಳ್ಳಿ, ರೈಲು ಬಸ್ಸಿನಲ್ಲಿ ಒಯ್ಯಲು ಸುಲಭ. ಅದೇ ನಂಬರಿನ ತೇಲುವ ಲೈನು, ಮುಂಭಾಗ ದಪ್ಪ ಇರುವುದು. ಸಾಧಾರಣ ರೀಲು ಸಾಕು. ಕೆರೆಯ ಟ್ರೌಟ್‌ಗೆ ರೀಲು ಅಂದರೆ ಹೆಚ್ಚಾಗಿ ಲೈನು ಸುತ್ತಿಡುವ ಡಬ್ಬ ಅಷ್ಟೆ, ಅದಕ್ಕೆ ಜಾಸ್ತಿ ದುಡ್ಡು ಹಾಕಬೇಡಿ. ಲೈನಿಗೂ ಫ್ಲೈಗೂ ನಡುವೆ ಕಟ್ಟಲು ಒಂಬತ್ತರಿಂದ ಹನ್ನೆರಡು ಅಡಿಯ, ತುದಿಗೆ ಹೋದಂತೆ ಸಪೂರ ಆಗುವ ಲೀಡರ್ ದಾರ. ಅದರ ತುದಿಗೆ ಕಟ್ಟಲು ಐದಾರು ಪೌಂಡಿನ ಟಿಪೆಟ್ ದಾರ.

ಲೈನಿನ ನಂಬರು ಮತ್ತು ರಾಡಿನ ನಂಬರು ಒಂದೇ ಇರಬೇಕು. ನನಗೆ ಮೊದಲ ಸಲ ಒಂದು ಅಂಗಡಿಯವರು 6ರ ರಾಡಿಗೆ 4ರ ಲೈನು ಕೊಟ್ಟಿದ್ದರು, "ಎಲ್ಲ ಒಂದೇ" ಅಂತ. ಆರು ತಿಂಗಳು ರಾಡು ಬಗ್ಗಲೇ ಇಲ್ಲ. ನನ್ನ ಕೈಯದ್ದೇ ದೋಷ ಅಂತ ಇನ್ನಷ್ಟು ಜೋರಾಗಿ ಬೀಸುವ ಕೆಟ್ಟ ಅಭ್ಯಾಸ ಬೆಳೆಯಿತು. ಅದನ್ನು ಬಿಡಿಸಿಕೊಳ್ಳಲು ಮತ್ತೆ ಒಂದು ವರ್ಷ ಬೇಕಾಯಿತು. ರಾಡಿನ ಹಿಡಿಕೆಯ ಸ್ವಲ್ಪ ಮೇಲೆ ನಂಬರು ಬರೆದಿರುತ್ತದೆ. ಖಂಡಿತ ನೋಡಿ ತಗೊಳ್ಳಿ.

ಇನ್ನು ಟೊಪ್ಪಿ ಮತ್ತು ಕನ್ನಡಕ. ಕನ್ನಡಕ ಇಲ್ಲದೆ ಯಾರಿಗೂ ನಾನು ರಾಡು ಕೊಡುವುದಿಲ್ಲ. ಗಾಳ ತಲೆಯ ಹಿಂದಿನಿಂದ ಮುಂದಕ್ಕೆ ಹಾರಿ ಬರುತ್ತದೆ. ಒಂದು ಸಲ ಗಾಳಿ ತಿರುಗಿ ಫ್ಲೈ ನನ್ನ ಕಿವಿಗೆ ಚುಚ್ಚಿತು. ಎರಡು ಇಂಚು ಆಚೆ ಕಣ್ಣು. ಗಾಳದ ತುದಿಯ ಹಿಂದಿನ ಸಣ್ಣ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರಿಂದ ಬಂದ ದಾರಿಯಲ್ಲೇ ಹೊರಗೆ ಬಂತು. ನೀವೂ ಒತ್ತಿಬಿಡಿ. ಮೀನಿಗೂ ಒಳ್ಳೆಯದು.

ಬೀಸುವುದು ಹೇಗೆ? ಎಷ್ಟು ದಿನ ಬೇಕು?

ದಿನಕ್ಕೆ ಇಪ್ಪತ್ತು ನಿಮಿಷದಂತೆ ಮೂರು ವಾರ ಬೀಸಿದರೆ ಮೀನು ಹಿಡಿಯುವಷ್ಟು ಬರುತ್ತದೆ. ಒಂದೇ ದಿನ ನಾಲ್ಕು ಗಂಟೆ ಬೀಸಿದರೆ ಭುಜ ನೋವು ಮಾತ್ರ ಬರುತ್ತದೆ.

ನಿಮ್ಮ ಬಲಕ್ಕೆ ದೊಡ್ಡ ಗಡಿಯಾರ ಇದೆ, ಅದರ 9 ನಿಮ್ಮ ಮುಂದೆ, 12 ತಲೆಯ ಮೇಲೆ ಅಂತ ಊಹಿಸಿ. ರಾಡಿನ ತುದಿ ಕೆಳಗಿಟ್ಟು, ಲೈನಿನ ಸಡಿಲ ತೆಗೆದು, ನಿಧಾನಕ್ಕೆ ಎತ್ತಲು ಶುರು ಮಾಡಿ. ವೇಗ ಹೆಚ್ಚಿಸುತ್ತಾ 1 ಗಂಟೆಯ ಜಾಗಕ್ಕೆ ಬಂದಾಗ ಟಕ್ ಅಂತ ನಿಲ್ಲಿಸಿ. ಈಗ ಕಾಯಿರಿ. ಲೈನು ಹಿಂದೆ ಸುರುಳಿ ಬಿಚ್ಚಿಕೊಂಡು ನೇರ ಆಗಬೇಕು. ಅದು ನೇರ ಆದ ಕೂಡಲೇ ಮುಂದೆ ತಂದು 10ರ ಹತ್ತಿರ ಮತ್ತೆ ಟಕ್ ಅಂತ ನಿಲ್ಲಿಸಿ. ಲೈನು ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮೆಲ್ಲ ಇಳಿಸಿ.

ಹೊಸಬರಲ್ಲಿ ಹೆಚ್ಚಿನವರು ತಪ್ಪುವುದು ಆ ಕಾಯುವ ಜಾಗದಲ್ಲಿ. ಹಿಂದೆ ಹೋದ ಲೈನು ಕಾಣುವುದಿಲ್ಲ, ಅದಕ್ಕೆ ಗಡಿಬಿಡಿ. ಬೇಗ ಮುಂದೆ ತಂದರೆ ಬಾರುಕೋಲಿನ ಹಾಗೆ ಚಟ್ ಅಂತ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಫ್ಲೈ ಕಿತ್ತು ಹೋಯಿತು ಅಂತ ಲೆಕ್ಕ. ನಾನು ಹೀಗೆ ಚಟ್ ಚಟ್ ಅನ್ನಿಸುತ್ತಿದ್ದಾಗ, ಪಕ್ಕದಲ್ಲಿ ಬಲೆ ಒಣಗಿಸುತ್ತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ ಕೇಳಿದರು, "ಅದು ಹಿಂದೆ ಹೋಗಿ ಮುಟ್ಟಿತಾ ಇಲ್ವಾ ಅಂತ ನಿನಗೆ ಗೊತ್ತಾಗ್ತದಾ ಮಾರಾಯ?"

"ಇಲ್ಲ ಅಜ್ಜ, ಕಾಣೋದಿಲ್ಲಲ್ಲ."

"ಹಾಗಾದ್ರೆ ತಿರುಗಿ ನೋಡು. ಯಾರು ಬೇಡ ಹೇಳಿದ್ದು?"

ಅವರು ಫ್ಲೈ ರಾಡು ನೋಡಿದ್ದು ಅದೇ ಮೊದಲು. ಆದರೂ ನಾನು ಓದಿದ ಎಲ್ಲದಕ್ಕಿಂತ ಅದು ಉಪಯೋಗಕ್ಕೆ ಬಂತು. ಈಗ ಎಲ್ಲರಿಗೂ ಮೊದಲ ದಿನ ಅದನ್ನೇ ಹೇಳುತ್ತೇನೆ. ಪಕ್ಕಕ್ಕೆ ನಿಂತು, ಕತ್ತು ತಿರುಗಿಸಿ, ಹಿಂದಿನ ಸುರುಳಿ ಬಿಚ್ಚುವುದನ್ನು ಕಣ್ಣಾರೆ ನೋಡಿ. ಲೈನು ನೇರ ಆದ ಕ್ಷಣದಲ್ಲಿ ರಾಡಿನ ಹಿಡಿಕೆಯಲ್ಲಿ ಸಣ್ಣದಾಗಿ ಎಳೆದ ಹಾಗೆ ಆಗುತ್ತದೆ, ಮಗು ಸೆರಗು ಜಗ್ಗಿದಷ್ಟೇ. ಒಂದು ವಾರ ಕಳೆದ ಮೇಲೆ ನೋಡದೆಯೇ ಆ ಎಳೆತ ಗೊತ್ತಾಗುತ್ತದೆ. ಲೈನು ಉದ್ದ ಆದಷ್ಟು ಕಾಯುವುದೂ ಜಾಸ್ತಿ.

ದೂರದ ಆಸೆ ಬೇಡ. ಹನ್ನೆರಡು ಮೀಟರ್ ನೇರವಾಗಿ ಬಿದ್ದರೆ ಸಾಕು, ಮೀನು ಸಿಗುತ್ತದೆ.

ಊರಿನಲ್ಲಿ ಎಲ್ಲಿ ಅಭ್ಯಾಸ ಮಾಡಬಹುದು?

ಬೆಳಗ್ಗೆ ಖಾಲಿ ಇರುವ ಆಟದ ಮೈದಾನ ಎಲ್ಲಕ್ಕಿಂತ ಒಳ್ಳೆಯದು. ಏಣೆಲು ಕೊಯ್ಲು ಮುಗಿದ ಗದ್ದೆಯೂ ಆಗುತ್ತದೆ, ಆದರೆ ಕೂಳೆ ಇದ್ದರೆ ಲೈನಿನ ಮೇಲ್ಪದರ ಉಜ್ಜಿ ಹೋಗುತ್ತದೆ. ದನ ಮೇಯ್ದು ಹುಲ್ಲು ಬಂದ ಗದ್ದೆ ಹುಡುಕಿ, ಗದ್ದೆಯವರನ್ನು ಕೇಳಿ ಇಳಿಯಿರಿ. ಕಡಲತೀರದ ಒಣ ಮರಳೂ ಲೈನಿಗೆ ಕೆಟ್ಟದು. ಫ್ಲೈಯ ಬದಲು ಒಂದು ಚೂರು ಕೆಂಪು ಉಲ್ಲನ್ ಕಟ್ಟಿ. ಹುಲ್ಲಿನ ಮೇಲೆ ಎಲ್ಲಿ ಬಿತ್ತು ಅಂತ ಕಾಣುತ್ತದೆ, ಯಾರಿಗೂ ಚುಚ್ಚುವುದಿಲ್ಲ.

ಹೊತ್ತು ಮುಖ್ಯ. ಚಳಿಗಾಲ, ಬೇಸಿಗೆಯಲ್ಲಿ ನಮ್ಮಲ್ಲಿ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ, ಮೆಲ್ಲಗೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಪಡುವಣದಿಂದ ಜೋರಾಗಿ ಬೀಸುತ್ತದೆ. ಹೊಸಬರು ಒಂಬತ್ತು ಗಂಟೆಯೊಳಗೆ ಮುಗಿಸಿ. ಬಲಗೈಯವರು ಗಾಳಿ ಎಡಭುಜದ ಕಡೆಯಿಂದ ಬರುವ ಹಾಗೆ ನಿಲ್ಲಿ. ಆಗ ಲೈನು ಮೈಯಿಂದ ದೂರ ಹೋಗುತ್ತದೆ.

ಹಿಂದೆ ಮರ ಇದ್ದಾಗ ಲೈನನ್ನು ಹಿಂದಕ್ಕೆ ಬೀಸದೆ ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟ್ ಮಾತ್ರ ಹುಲ್ಲಿನ ಮೇಲೆ ಬರುವುದಿಲ್ಲ, ಲೈನನ್ನು ನೀರು ಹಿಡಿದುಕೊಳ್ಳಬೇಕು. ಅದಕ್ಕೆ ಕೆಮ್ಮಣ್ಣಿನ ಆಚೆ ಈಚೆ ಹಿನ್ನೀರಿನ ದಡ ಉಂಟು. ದೇವಸ್ಥಾನದ ಕೆರೆ, ಜನ ವಾಕಿಂಗ್ ಮಾಡುವ ಕೆರೆದಂಡೆ ಬೇಡ.

ಯಾವ ಫ್ಲೈ ಕಟ್ಟಬೇಕು? ನೂರಾರು ಹೆಸರು ಕೇಳಿ ತಲೆ ತಿರುಗುತ್ತದೆ.

ಮೂರು ಸಾಕು. ಒಂದು, ಕಪ್ಪು ಅಥವಾ ಕಡುಹಸಿರು ವೂಲಿ ಬಗರ್, ಗಾಳದ ಸೈಜು 10. ಬಾಲ ಆಡಿಸುತ್ತಾ ಬರುತ್ತದೆ, ಹೊಸದಾಗಿ ಬಿಟ್ಟ ಮೀನು ಅಟ್ಟಿಸಿಕೊಂಡು ಬರುತ್ತದೆ. ಎರಡು, ಬಝರ್, 12 ಅಥವಾ 14. ಇದು ನೊರಜಿನ ಮರಿಯ ನಕಲು. ಸಂಜೆ ನೀರಿನ ಮೇಲೆ ಹೊಗೆಯ ಹಾಗೆ ಏಳುತ್ತದಲ್ಲ, ಕಚ್ಚದ ನೊರಜು, ಅದರ ಮರಿ ಕೆರೆಯ ಕೆಸರಿನಲ್ಲಿ ಬೆಳೆದು ಮೇಲೆ ಬರುತ್ತದೆ. ಕೆರೆಯಲ್ಲಿ ಸ್ವಲ್ಪ ದಿನ ಕಳೆದ ಟ್ರೌಟ್‌ಗೆ ಅದೇ ದೊಡ್ಡ ಊಟ. ಮೂರು, ಡಯೌಲ್ ಬಾಖ್. ವೆಲ್ಷ್ ಭಾಷೆಯಲ್ಲಿ "ಸಣ್ಣ ದೆವ್ವ" ಎಂದು ಅರ್ಥ. ನವಿಲುಗರಿಯ ಎಳೆ ಸುತ್ತಿ ಮಾಡಿದ ಸಪೂರ ಫ್ಲೈ, ಹತ್ತಾರು ಹುಳಗಳ ಹಾಗೆ ಕಾಣುತ್ತದೆ.

ಸ್ವತಃ ಕಟ್ಟಲು ಕಲಿತರೆ ಇನ್ನೂ ಖುಷಿ. ಊರಿನ ಹುಂಜದ ಕುತ್ತಿಗೆಯ ಗರಿ ಬಹಳ ಚೆನ್ನಾಗಿರುತ್ತದೆ. ಆದರೆ ನವಿಲುಗರಿಯನ್ನು ವಿದೇಶಕ್ಕೆ ಒಯ್ಯುವಂತಿಲ್ಲ, ಅಲ್ಲಿಗೆ ಹೋದ ಮೇಲೆ ತಗೊಳ್ಳಿ.

ಅಷ್ಟು ದೊಡ್ಡ ಕೆರೆಯಲ್ಲಿ ಮೀನು ಎಲ್ಲಿದೆ ಅಂತ ಹೇಗೆ ಹುಡುಕುವುದು?

ಮೊದಲ ಹತ್ತು ನಿಮಿಷ ರಾಡು ಜೋಡಿಸಲೇಬೇಡಿ. ನೋಡಿ. ನೀರಿನ ಮೇಲೆ ಉಂಗುರ ಏಳುತ್ತಿದೆಯಾ? ಗಾಳಿ ಯಾವ ದಡಕ್ಕೆ ಹೊಡೆಯುತ್ತಿದೆ? ತೇಲುವ ಹುಳ, ಕಸ ಎಲ್ಲ ಆ ದಡಕ್ಕೆ ಹೋಗಿ ಸೇರುತ್ತವೆ, ಮೀನೂ ಅಲ್ಲಿಗೆ ಬರುತ್ತದೆ. ತೊರೆ ಬಂದು ಸೇರುವ ಜಾಗ, ಜೊಂಡಿನ ಅಂಚು, ಕೆರೆ ಏರಿಯ ಆಳ, ಮೀನು ತಂದು ಬಿಡುವ ಮೂಲೆ, ಇವನ್ನೆಲ್ಲ ಗುರುತು ಮಾಡಿ.

ಎಲ್ಲಿ ಎನ್ನುವುದಕ್ಕಿಂತ ಎಷ್ಟು ಆಳದಲ್ಲಿ ಎನ್ನುವುದು ದೊಡ್ಡದು. ಬಿಸಿಲು ಏರಿದ ಹಾಗೆ ಟ್ರೌಟ್ ತಣ್ಣೀರು ಹುಡುಕಿ ಕೆಳಗೆ ಹೋಗುತ್ತದೆ. ಹಾಗಾಗಿ ಎಣಿಸಿ. ಫ್ಲೈ ಬಿದ್ದ ಮೇಲೆ ಐದು ಎಣಿಸಿ ಎಳೆಯಿರಿ. ಮೂರು ಸಲ ಏನೂ ಇಲ್ವಾ, ಹತ್ತು ಎಣಿಸಿ. ಮತ್ತೆ ಹದಿನೈದು, ಇಪ್ಪತ್ತು. ಎಷ್ಟು ಎಣಿಸಿದಾಗ ಕಚ್ಚಿತು ಅಂತ ನೆನಪಿಟ್ಟುಕೊಳ್ಳಿ, ಮುಂದಿನ ಸಲವೂ ಅಷ್ಟೇ ಎಣಿಸಿ. ಪಕ್ಕದಲ್ಲಿ ಒಂದೇ ಥರದ ರಾಡು, ಒಂದೇ ಫ್ಲೈ ಹಿಡಿದವರಿಗೆ ನಾಲ್ಕು ಮೀನು ಸಿಕ್ಕಿ ನಿಮಗೆ ಒಂದೂ ಸಿಗದಿದ್ದರೆ, ಹೆಚ್ಚಾಗಿ ಕಾರಣ ಈ ಎಣಿಕೆ. ಅವರನ್ನು ಕೇಳಿ, ಹೇಳುತ್ತಾರೆ.

ಎಳೆಯುವ ವೇಗವನ್ನೂ ಬದಲಿಸಿ. ಹೊಸ ಮೀನಿಗೆ ವೂಲಿ ಬಗರನ್ನು ಒಂದೊಂದು ಅಡಿಯಂತೆ ಚುರುಕಾಗಿ ಎಳೆಯಿರಿ. ಬಝರ್ ಕಟ್ಟಿದರೆ ಎಳೆಯುವುದೇ ಬೇಡ ಅನ್ನುವಷ್ಟು ನಿಧಾನ. ಗಾಳಿಗೆ ಲೈನು ತೇಲಿ ಹೋದರೆ ಅದೇ ಸಾಕು.

ಕಚ್ಚಿದ್ದು ಗೊತ್ತಾಗುವುದು ಹೇಗೆ?

ಲೈನು ನೀರಿಗೆ ಇಳಿಯುವ ಜಾಗದಲ್ಲೇ ಕಣ್ಣಿಡಿ. ಕೆಲವು ಸಲ ಜೋರಾಗಿ ಜಗ್ಗುತ್ತದೆ. ಹೆಚ್ಚಿನ ಸಲ ತೇಲುವ ಲೈನು ಸ್ವಲ್ಪ ನಿಂತ ಹಾಗೆ, ಅಥವಾ ಒಂದು ಇಂಚು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಆಗ ರಾಡು ಎತ್ತಿ. ಮೀನು ಓಡಿದರೆ ಲೈನು ಬಿಡಿ, ನಿಂತರೆ ಎಳೆದುಕೊಳ್ಳಿ. ರಾಡು ಬಗ್ಗಿಯೇ ಇರಬೇಕು.

ಹಿಡಿದದ್ದನ್ನು ಬಿಡಬೇಕಾ, ತರಬಹುದಾ?

ಆಯಾ ಕೆರೆಯ ನಿಯಮ ಕೇಳಿ. ಕೆಲವು ಕಡೆ ದಿನಕ್ಕೆ ಎರಡೋ ನಾಲ್ಕೋ ಮೀನು ಒಯ್ಯಬಹುದು, ಕೆಲವು ಕಡೆ ಎಲ್ಲ ಬಿಡಬೇಕು.

ಬಿಡುವುದಾದರೆ ಕೈ ಒದ್ದೆ ಮಾಡಿಯೇ ಮುಟ್ಟಿ. ಒಣ ಕೈ ತಾಗಿದರೆ ಮೈಯ ಲೋಳೆ ಹೋಗಿ ಮೀನಿಗೆ ರೋಗ ಹತ್ತುತ್ತದೆ. ಸಾಧ್ಯವಾದರೆ ನೀರಿನಲ್ಲೇ ಗಾಳ ಬಿಡಿಸಿ. ಬಿಡುವ ಮುಂಚೆ ಹೊಟ್ಟೆಯ ಕೆಳಗೆ ಮೆತ್ತಗೆ ಕೈ ಕೊಟ್ಟು ನೇರವಾಗಿ ಹಿಡಿಯಿರಿ. ಕಿವಿರು ತೆರೆದು ಮುಚ್ಚುವುದು ಒಂದೇ ಲಯಕ್ಕೆ ಬರುತ್ತದೆ, ಬಾಲದಲ್ಲಿ ಶಕ್ತಿ ಬರುತ್ತದೆ, ತಾನಾಗಿ ಹೋಗುತ್ತದೆ. ಬೇಸಿಗೆಯ ಬೆಚ್ಚನೆ ನೀರಿನಲ್ಲಿ ದಣಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ಅಂಥ ದಿನ ಗಾಳ ಹಾಕದಿರುವುದೇ ಸರಿ.

ಒಯ್ಯುವುದಾದರೆ ಸಿಕ್ಕಿದ ಕೂಡಲೇ ತಲೆಗೆ ಒಂದು ಏಟು ಕೊಟ್ಟು ಮುಗಿಸಿ. ದಡದಲ್ಲಿ ಒದ್ದಾಡಲು ಬಿಡಬೇಡಿ.

ರುಚಿ ಹೇಗೆ? ನಮ್ಮ ಮಸಾಲೆಗೆ ಹೊಂದುತ್ತದಾ?

ಮಾಂಸ ಮೆತ್ತಗೆ, ಬಂಗುಡೆಯಷ್ಟು ಗಟ್ಟಿ ರುಚಿ ಇಲ್ಲ. ಹುರುಪೆ ಬಹಳ ಸಣ್ಣದು, ಕೆರೆಯುವ ಕೆಲಸವೇ ಇಲ್ಲ. ತೆಳ್ಳಗೆ ಮಸಾಲೆ ಹಚ್ಚಿ ರವಾ ಫ್ರೈ ಮಾಡಿದರೆ ಚೆಂದ. ಕೆಲವು ಕೆರೆಯ ಮೀನಿಗೆ ಮಣ್ಣಿನ ವಾಸನೆ ಇರುತ್ತದೆ. ಅದು ನೀರಿನ ಪಾಚಿ ಮತ್ತು ಬ್ಯಾಕ್ಟೀರಿಯಾದಿಂದ ಬರುವ ಜಿಯೋಸ್ಮಿನ್ ಎಂಬ ವಸ್ತು. ಹುಳಿ ತಾಗಿದರೆ ಅದು ಕಡಿಮೆ ಆಗುತ್ತದೆ. ಅಂಥ ಮೀನು ಸಿಕ್ಕಿದರೆ ಪುಳಿಮುಂಚಿಯೇ ಮಾಡಿ.

ಎಲ್ಲಿಗೆ ಹೋಗಬೇಕು? ಲೈಸೆನ್ಸ್ ಬೇಕಾ?

ಹತ್ತಿರದ್ದು ಮುನ್ನಾರ್ ಮತ್ತು ನೀಲಗಿರಿ. ಮುನ್ನಾರಿನ ಟೀ ತೋಟಗಳ ಕೆರೆಗಳಲ್ಲಿ ಬ್ರಿಟಿಷರ ಕಾಲದಿಂದಲೂ ಟ್ರೌಟ್ ಉಂಟು. ಮಂಗಳೂರಿನಿಂದ ರೈಲಿನಲ್ಲಿ ಆಲುವಾಕ್ಕೆ ಹೋಗಿ, ಅಲ್ಲಿಂದ ರಸ್ತೆಯಲ್ಲಿ ಸುಮಾರು 110 ಕಿ.ಮೀ. ನೀಲಗಿರಿಯ ಅವಲಾಂಚಿ, ಅಪ್ಪರ್ ಭವಾನಿ ಸುತ್ತಮುತ್ತ ಅರಣ್ಯ ಇಲಾಖೆಯ ಜಾಗ. ಎರಡೂ ಕಡೆ ಅನುಮತಿ ಬರಹದಲ್ಲಿ ಕೈಗೆ ಸಿಗದೆ ಟಿಕೆಟ್ ಮಾಡಬೇಡಿ. ಹಿಮಾಚಲದ ತೀರ್ಥನ್ ಹರಿಯುವ ಹೊಳೆ, ಅಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆ ಇಡುವ ಕಾಲ, ಗಾಳ ಬಂದ್.

ಹೊಸಬರಿಗೆ ನಿಜವಾಗಿ ಸುಲಭ ಇಂಗ್ಲೆಂಡಿನ ಕೆರೆಗಳು. ಬ್ಲ್ಯಾಗ್ಡನ್ ಎಂಬ ಜಲಾಶಯದಲ್ಲಿ 1904ರಿಂದ ಜನರಿಗೆ ಟ್ರೌಟ್ ಹಿಡಿಯಲು ಬಿಡುತ್ತಿದ್ದಾರೆ. ಅಲ್ಲಿ 13 ವರ್ಷ ತುಂಬಿದವರಿಗೆ ರಾಡ್ ಲೈಸೆನ್ಸ್ ಕಡ್ಡಾಯ, ಅದರ ಮೇಲೆ ಕೆರೆಯ ದಿನದ ಟಿಕೆಟ್. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೆ ಬೇರೆ ಬೇರೆ ಲೈಸೆನ್ಸ್. ನ್ಯೂಜಿಲೆಂಡಿನಲ್ಲಿ ಟ್ರೌಟ್ ಮಾರುವುದೇ ಕಾನೂನಿಗೆ ವಿರುದ್ಧ. ತಿನ್ನಬೇಕಾದರೆ ಹಿಡಿಯಬೇಕು, ಅಥವಾ ಹಿಡಿದವರು ಪ್ರೀತಿಯಿಂದ ಕೊಡಬೇಕು. ಅಲ್ಲಿಗೆ ಹೋಗುವಾಗ ಬಳಸಿದ ಬೂಟು, ಬಲೆ ಎಲ್ಲ ತೊಳೆದು ಪೂರ್ತಿ ಒಣಗಿಸಿ, ವಿಮಾನ ನಿಲ್ದಾಣದಲ್ಲಿ ತೋರಿಸಿ.

ನಮ್ಮ ತೋಟದ ಕೆರೆಗೆ ಟ್ರೌಟ್ ಬಿಡಬಹುದಾ?

ಬದುಕುವುದಿಲ್ಲ. ಬೇರೆ ಯಾವ ಹೊರಗಿನ ಮೀನನ್ನೂ ಹೊಳೆಗೆ ಸೇರುವ ನೀರಿಗೆ ದಯವಿಟ್ಟು ಬಿಡಬೇಡಿ. ಘಟ್ಟದ ತೊರೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನು, ಕಪ್ಪೆಗಳಿವೆ.

ಟ್ರೌಟ್ ಬಿಡಿ, ಇಲ್ಲಿನ ಮೀನಿಗೆ ಫ್ಲೈ ಹಾಕಬಹುದಾ?

ಧಾರಾಳ. ಅಳಿವೆಯಲ್ಲಿ ಕೆಂಬೇರಿ ಮರಿಗಳು, ಸಿಹಿನೀರಿನ ಹೊಂಡದಲ್ಲಿ ತಿಲಾಪಿಯಾ ಫ್ಲೈಗೆ ಚೆನ್ನಾಗಿ ಬರುತ್ತವೆ. ಸ್ವರ್ಣಾ ಮತ್ತು ಸೀತಾ ಕಡಲು ಸೇರುವ ಕೋಡಿ ಬೆಂಗ್ರೆಯಲ್ಲಿ ನೀರು ಇಳಿಯುವ ಹೊತ್ತು ನೋಡಿ ನಿಲ್ಲಿ. ಒಂದು ವ್ಯತ್ಯಾಸ: ಇಲ್ಲಿ ಕಚ್ಚಿದಾಗ ರಾಡು ಎತ್ತಬೇಡಿ, ಕೈಯಿಂದ ಲೈನನ್ನು ನೇರ ಎಳೆಯಿರಿ. ಬಾಯಿ ಗಟ್ಟಿ ಇರುವ ಮೀನಿಗೆ ಹಾಗೆಯೇ ಗಾಳ ಕೂರುವುದು. ಬಲೆ ಹಾಕಿದವರ ಹತ್ತಿರ ನಿಲ್ಲಬೇಡಿ. ಅವರಿಗೆ ಅದು ಹೊಟ್ಟೆಪಾಡು.

ಮಳೆಗಾಲದಲ್ಲಿ ಸಾಮಾನು ಹೇಗೆ ಇಡುವುದು?

ಉಪ್ಪುನೀರು ಮುಟ್ಟಿದ್ದರೆ ಅದೇ ದಿನ ರಾಡು, ರೀಲು, ಲೈನು ಎಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ಜೂನ್ ಬರುವ ಮುಂಚೆ ರಾಡನ್ನು ಮುಚ್ಚಿದ ಕೊಳವೆಯಿಂದ ತೆಗೆದು ಗಾಳಿಯಾಡುವ ಕಡೆ ನಿಲ್ಲಿಸಿ, ಇಲ್ಲದಿದ್ದರೆ ಕಾರ್ಕಿನ ಹಿಡಿಕೆಗೆ ಬೂಷ್ಟು ಹಿಡಿಯುತ್ತದೆ. ಫ್ಲೈ ಡಬ್ಬದಲ್ಲಿ ಸಿಲಿಕಾ ಪೊಟ್ಟಣ ಹಾಕಿ. ಲೈನನ್ನು ರೀಲಿನಿಂದ ಬಿಚ್ಚಿ ದೊಡ್ಡ ಸುತ್ತಾಗಿ ಗೋಡೆಯ ಮೊಳೆಗೆ ನೇತುಹಾಕಿ, ಸುರುಳಿ ಕಟ್ಟುವುದಿಲ್ಲ. ಮಳೆ ಬಿಟ್ಟು ಹುಲ್ಲು ಒಣಗಿದ ಬೆಳಗ್ಗೆ ಕೆಂಪು ಉಲ್ಲನ್ ಕಟ್ಟಿ ಹೊರಗೆ ತನ್ನಿ.